ಡಬ್ಬ ಮೊದಲು, ವ್ಯಾಟ್ ಆಮೇಲೆ

ಇಂಜಿನಿಯರಿಂಗ್ ಓದಿದವನು ಅನ್ನೋ ಒಂದೇ ಕಾರಣಕ್ಕೆ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಮಗಾ, ಕಾರಿಗೆ ಸಬ್‌ವೂಫರ್ ಹಾಕಿಸ್ತಾ ಇದೀನಿ. ಎಷ್ಟು ವ್ಯಾಟ್ ಆಂಪ್ಲಿಫೈಯರ್ ತಗೊಳ್ಲಿ?" ನಾನು ಬರೆಯೋದು ಸಾಫ್ಟ್‌ವೇರ್, ಸ್ಪೀಕರ್ ಅಲ್ಲ. ಆದರೂ "ಡಬ್ಬ ಎಷ್ಟು ಲೀಟರ್‌ದು?" ಅಂತ ತಿರುಗಿ ಕೇಳ್ತೀನಿ. ಅಲ್ಲಿಗೆ ಮಾತು ನಿಲ್ಲುತ್ತೆ. ಡಬ್ಬ ಅಂದ್ರೆ ಅಂಗಡಿಯವನು ಕೊಡೋ, ಕಪ್ಪು ಕಾರ್ಪೆಟ್ ಅಂಟಿಸಿದ ಮರದ ಪೆಟ್ಟಿಗೆ. ಅದಕ್ಕೂ ಲೀಟರ್ ಲೆಕ್ಕ ಇರುತ್ತಾ?

ಇರುತ್ತೆ. ಆ ಲೆಕ್ಕ ಹುಟ್ಟಿದ ಕಥೆ ತುಂಬಾ ಸ್ವಾರಸ್ಯವಾಗಿದೆ. ಅದರಲ್ಲಿ ಬರುವವರು ಯಾರೂ ಕಾರಿಗಾಗಿ ಕೆಲಸ ಮಾಡಿದವರಲ್ಲ. ಒಬ್ಬ ಕಲಾ ಇತಿಹಾಸ ಓದಿದವನು, ಇನ್ನೊಬ್ಬ ಟೆಲಿವಿಷನ್ ಇಂಜಿನಿಯರ್, ಮತ್ತೊಬ್ಬ ಅಮೆರಿಕ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದ ಸಂಶೋಧಕ. ಈ ಮೂವರ ಕೆಲಸ ಗೊತ್ತಾದರೆ, ಐದಾರು ಸಾವಿರ ರೂಪಾಯಿ ಹೆಚ್ಚು ಕೊಟ್ಟು ದೊಡ್ಡ ಆಂಪ್ಲಿಫೈಯರ್ ತರೋ ಮೊದಲು ಯಾರಾದರೂ ಒಂದು ಕ್ಷಣ ಯೋಚಿಸ್ತಾರೆ ಅನ್ನೋ ಆಸೆಯಿಂದ ಇದನ್ನು ಬರೀತಾ ಇದೀನಿ.

ಮೊದಲು ಡಬ್ಬ ಯಾಕೆ ಬೇಕು ಅಂತ ನೋಡೋಣ. ಬರಿಯ ಸ್ಪೀಕರನ್ನು ಕೈಯಲ್ಲಿ ಹಿಡಿದು ಹಾಡು ಹಾಕಿ ನೋಡಿ. ಹಾಡುಗಾರನ ದನಿ ಕೇಳುತ್ತೆ, ಮೃದಂಗದ ಎಡಗಡೆಯ ಗುಂ ಅನ್ನೋ ನಾದ ಮಾತ್ರ ಮಾಯ. ಕೋನ್ ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತುತ್ತೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲವಾಗುತ್ತೆ. ಕೆಳಸ್ತರದ ನಾದದಲ್ಲಿ ಮುಂದಿನ ಒತ್ತಡ ಅಂಚಿನ ಸುತ್ತ ಜಾರಿ ಹಿಂದಿನ ಖಾಲಿಯನ್ನು ತುಂಬಿಬಿಡುತ್ತೆ. ಎರಡೂ ಸೇರಿ ಸೊನ್ನೆ. ಆದ್ದರಿಂದ ಸ್ಪೀಕರಿನ ಬೆನ್ನನ್ನು ಮುಖದಿಂದ ಬೇರೆ ಮಾಡಬೇಕು. ಡಬ್ಬದ ಮೊದಲ ಕೆಲಸ ಅಷ್ಟೇ, ಗೋಡೆ ಕಟ್ಟೋದು.

ಇವತ್ತು ನಾವು ನೋಡುವ ಕೋನ್ ಸ್ಪೀಕರಿನ ಮಾದರಿ 1925ರದ್ದು. ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಅದರ ಪ್ರಬಂಧ ಬರೆದರು. 1930ರಲ್ಲಿ ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಡಬ್ಬಕ್ಕೆ ಒಂದು ಕಿಂಡಿ ಕೊರೆದರೆ ಹಿಂದಿನ ಶಬ್ದವನ್ನೂ ಕೆಲಸಕ್ಕೆ ಹಚ್ಚಬಹುದು ಅಂತ ಪೇಟೆಂಟಿಗೆ ಅರ್ಜಿ ಹಾಕಿದ. 1932ರಲ್ಲಿ ಅದು ಸಿಕ್ಕಿತು. ಖಾಲಿ ಬಾಟಲಿಯ ಬಾಯಿಗೆ ತುಟಿ ಇಟ್ಟು ಊದಿದರೆ 'ಬೂಂ' ಅನ್ನುತ್ತಲ್ಲ, ಅದೇ ತತ್ವ. ಕಿಂಡಿಯ ಕೊಳವೆಯಲ್ಲಿರೋ ಗಾಳಿ ತೂಕ, ಡಬ್ಬದೊಳಗಿನ ಗಾಳಿ ಸ್ಪ್ರಿಂಗ್. ಎರಡೂ ಸೇರಿ ಒಂದು ಗೊತ್ತಾದ ಕಂಪನದಲ್ಲಿ ತಾವೇ ಮಿಡಿಯುತ್ತವೆ. ಇವತ್ತು ಅಂಗಡಿಯವರು 'ಪೋರ್ಟೆಡ್' ಅನ್ನೋದು ಇದನ್ನೇ.

ತತ್ವ ಏನೋ ಸರಿ. ಆದರೆ ಡಬ್ಬ ಎಷ್ಟು ದೊಡ್ಡದು, ಕಿಂಡಿ ಎಷ್ಟು ಉದ್ದ? ಇದಕ್ಕೆ ಖಚಿತವಾದ ಲೆಕ್ಕ ಇರಲಿಲ್ಲ. ಕಟ್ಟಿ ನೋಡು, ಕೇಳು, ಮತ್ತೆ ಕೊಯ್ಯಿ... ಹೀಗೇ ನಡೀತಿತ್ತು. ಹಾಗಾಗಿ ಕಿಂಡಿ ಇರುವ ಡಬ್ಬಗಳಿಗೆ ಒಂದೇ ಸ್ವರದಲ್ಲಿ ಗುಂಯ್‌ಗುಟ್ಟುವ ಪೆಟ್ಟಿಗೆಗಳು ಅನ್ನೋ ಕೆಟ್ಟ ಹೆಸರೂ ಬಂತು. ನಿಜವಾದ ಕೆಳಸ್ತರ ಬೇಕಾದವರು ಮನೆಯ ಮೂಲೆಯಲ್ಲಿ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಇಟ್ಟುಕೊಳ್ಳಬೇಕಿತ್ತು.

ಇಲ್ಲಿ ಬರ್ತಾನೆ ನಮ್ಮ ಮೊದಲ ನಾಯಕ, ಎಡ್ಗರ್ ವಿಲ್‌ಚರ್. ನ್ಯೂಯಾರ್ಕಿನವನು, ಓದಿದ್ದು ಕಲಾ ಇತಿಹಾಸ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿದಾಗ ನ್ಯೂಗಿನಿಯಲ್ಲಿ ರೇಡಿಯೋ, ಎಲೆಕ್ಟ್ರಾನಿಕ್ ಉಪಕರಣಗಳ ಕೆಲಸ ಕಲಿತ. ಯುದ್ಧ ಮುಗಿದ ಮೇಲೆ ವುಡ್‌ಸ್ಟಾಕ್ ಅನ್ನೋ ಊರಿನಲ್ಲಿ ನೆಲೆಸಿ, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿ ಮರುಸೃಷ್ಟಿಯ ಬಗ್ಗೆ ಪಾಠ ಮಾಡ್ತಿದ್ದ.

ಅವನ ತಲೆ ಕೊರೀತಿದ್ದ ವಿಷಯ ಇದು. ಸ್ಪೀಕರಿನ ಕೋನ್ ಅಂಚಿನಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತೆ, ಕೋನನ್ನು ವಾಪಸ್ ಜಾಗಕ್ಕೆ ಎಳೆಯೋದಕ್ಕೆ. ಕೋನ್ ಸ್ವಲ್ಪ ಚಲಿಸಿದಾಗ ಅದು ಚೆನ್ನಾಗೇ ಕೆಲಸ ಮಾಡುತ್ತೆ. ಜಾಸ್ತಿ ಚಲಿಸಿದರೆ ಬಿಗಿಯಾಗಿ ಶಬ್ದ ವಿಕಾರವಾಗುತ್ತೆ. ಕೆಳಸ್ತರದ ನಾದಕ್ಕೆ ಕೋನ್ ಜಾಸ್ತಿ ಚಲಿಸಲೇಬೇಕು. ವಿಲ್‌ಚರ್ ಯೋಚನೆ ಮಾಡಿದ: ಈ ಪಟ್ಟಿಯನ್ನು ಪೂರ್ತಿ ಸಡಿಲ ಮಾಡಿಬಿಟ್ಟರೆ? ಕೋನನ್ನು ಎಳೆಯೋ ಕೆಲಸ ಯಾರು ಮಾಡಬೇಕು? ಬಿಗಿಯಾಗಿ ಮುಚ್ಚಿದ ಸಣ್ಣ ಡಬ್ಬದೊಳಗಿನ ಗಾಳಿ! ಗಾಳಿಯಷ್ಟು ನೇರವಾಗಿ ವರ್ತಿಸುವ ಸ್ಪ್ರಿಂಗ್ ಇನ್ನೊಂದು ಸಿಗೋದು ಕಷ್ಟ. ಸೈಕಲ್ ಪಂಪಿನ ತುದಿಯನ್ನು ಬೆರಳಲ್ಲಿ ಮುಚ್ಚಿ ಒತ್ತಿದರೆ ಹಿಡಿ ಮೇಲಕ್ಕೆ ತಳ್ಳುತ್ತಲ್ಲ, ಹಾಗೆ.

ಮೊದಲ ಮಾದರಿಗೆ ಅಷ್ಟು ಸಡಿಲವಾದ ಅಂಚು ಯಾವ ಕಂಪನಿಯೂ ಮಾಡ್ತಿರಲಿಲ್ಲ. ವಿಲ್‌ಚರ್ ಹೆಂಡತಿ ರೋಸ್‌ಮೇರಿ ಹಾಸಿಗೆಯ ಹೊದಿಕೆ ಬಟ್ಟೆಯಿಂದ ಅದನ್ನು ಮಾಡಿಕೊಟ್ಟಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಲ್ಲಿ ಹಾಸಿಗೆ ಬಟ್ಟೆಯೇ ಕೋನಿಗೆ ಕಾಲು ಚಾಚಲು ಜಾಗ ಕೊಟ್ಟಿತು :)

ಅವನ ತರಗತಿಯಲ್ಲಿದ್ದ ಹೆನ್ರಿ ಕ್ಲಾಸ್ ಅನ್ನೋ ಹುಡುಗ ಮೊದಲೇ ಸ್ಪೀಕರ್ ಪೆಟ್ಟಿಗೆ ಮಾಡಿ ಮಾರುತ್ತಿದ್ದ. ಇಬ್ಬರೂ ಸೇರಿ 1954ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಕೂಸ್ಟಿಕ್ ರಿಸರ್ಚ್ ಅನ್ನೋ ಕಂಪನಿ ಶುರು ಮಾಡಿದರು. ಅದೇ ವರ್ಷ ಎಆರ್-1 ಅನ್ನೋ ಸ್ಪೀಕರ್ ಬಂತು. ಪುಸ್ತಕದ ಕಪಾಟಿನಲ್ಲಿ ಕೂರುವ ಪೆಟ್ಟಿಗೆಯಿಂದ, ಬೀರು ಗಾತ್ರದ್ದರಿಂದ ಬರುವಂಥ ನಾದ. 1958ರ ಹೊತ್ತಿಗೆ ಸ್ಟೀರಿಯೋ ರೆಕಾರ್ಡ್‌ಗಳು ಬಂದು ಪ್ರತಿ ಮನೆಗೂ ಒಂದರ ಬದಲು ಎರಡು ಸ್ಪೀಕರ್ ಬೇಕಾದಾಗ, ಸಣ್ಣ ಡಬ್ಬವೇ ಗೆದ್ದಿತು.

ಆದರೆ ಬಿಟ್ಟಿ ಏನೂ ಸಿಗೋದಿಲ್ಲ. ಅಲ್ಲೇ ಕೆಲಸ ಮಾಡ್ತಿದ್ದ, 1957ರಲ್ಲಿ ಕ್ಲಾಸ್ ಜೊತೆ ಹೊರಬಂದು ಕೆಎಲ್‌ಎಚ್ ಕಂಪನಿ ಕಟ್ಟಿದ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಒಂದು ನಿಯಮ ಇದೆ. ಅದನ್ನು 'ಹಾಫ್‌ಮನ್‌ನ ಉಕ್ಕಿನ ನಿಯಮ' ಅಂತಾರೆ. ಸಣ್ಣ ಡಬ್ಬ, ಆಳವಾದ ನಾದ, ಕಡಿಮೆ ವ್ಯಾಟ್‌ಗೆ ಹೆಚ್ಚು ಶಬ್ದ. ಈ ಮೂರರಲ್ಲಿ ಯಾವುದಾದರೂ ಎರಡು ಆರಿಸಿಕೊಳ್ಳಿ, ಮೂರನೆಯದನ್ನು ಮರೆತುಬಿಡಿ.

ಇದರ ಲೆಕ್ಕ ಎಷ್ಟು ಕಟುವಾಗಿದೆ ನೋಡಿ. ಒಂದೇ ಬಗೆಯ ವಿನ್ಯಾಸದಲ್ಲಿ ದಕ್ಷತೆ ಅನ್ನೋದು ಡಬ್ಬದ ಗಾತ್ರಕ್ಕೆ ನೇರವಾಗಿ, ತಲುಪಬೇಕಾದ ಅತಿ ಕೆಳಗಿನ ಕಂಪನದ ಘನಕ್ಕೆ ತಕ್ಕಂತೆ ಬದಲಾಗುತ್ತೆ. 40 ಹರ್ಟ್ಜ್‌ವರೆಗೆ ಇಳಿಯೋ ಡಬ್ಬವನ್ನು ಅದೇ ಗಾತ್ರದಲ್ಲಿ 20 ಹರ್ಟ್ಜ್‌ಗೆ ಇಳಿಸಬೇಕಾದರೆ ದಕ್ಷತೆ ಎಂಟನೇ ಒಂದು ಭಾಗಕ್ಕೆ ಬೀಳುತ್ತೆ. ಅಷ್ಟೇ ಶಬ್ದ ಬೇಕಾದರೆ 100 ವ್ಯಾಟ್ ಇದ್ದಲ್ಲಿ 800 ವ್ಯಾಟ್ ಬೇಕು. ಇಲ್ಲವೇ ಡಬ್ಬ ಎಂಟು ಪಟ್ಟು ದೊಡ್ಡದಾಗಬೇಕು. ನಿಯಮ ಮಾರ್ಕೆಟಿಂಗಿಗೆ ಬಗ್ಗೋದಿಲ್ಲ. 'ಡಬ್ಬ ಎಷ್ಟು ಲೀಟರ್' ಅಂತ ನಾನು ಕೇಳೋದು ಇದಕ್ಕೇ.

ಈಗ ಎರಡನೇ ನಾಯಕ. ನೆವಿಲ್ ಥೀಲ್, ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಹುಟ್ಟಿದವನು. ಇಎಂಐ ಆಸ್ಟ್ರೇಲಿಯಾದಲ್ಲಿ ಟೆಲಿವಿಷನ್ ಸೆಟ್ಟುಗಳ ವಿನ್ಯಾಸ ಮಾಡ್ತಿದ್ದ. ಟೆಲಿವಿಷನ್ ಇಂಜಿನಿಯರಿಗೆ ಫಿಲ್ಟರ್ ಅನ್ನೋದು ನೀರು ಕುಡಿದಷ್ಟು ಸುಲಭ. ಯಾವ ಕಂಪನ ದಾಟಬೇಕು, ಯಾವುದು ನಿಲ್ಲಬೇಕು ಅಂತ ತೀರ್ಮಾನಿಸೋ ಸರ್ಕ್ಯೂಟ್ ಅದು. ಅವನಿಗೆ ಹೊಳೆದದ್ದು ಇಷ್ಟೇ: ಕಿಂಡಿ ಇರುವ ಸ್ಪೀಕರ್ ಡಬ್ಬವೂ ಒಂದು ಫಿಲ್ಟರ್! ಕೋನಿನ ತೂಕ, ಅಂಚಿನ ಬಿಗಿ, ಡಬ್ಬದ ಗಾಳಿ, ಕಿಂಡಿಯ ಗಾಳಿ, ನಾಲ್ಕನ್ನೂ ಸರ್ಕ್ಯೂಟಿನ ಭಾಗಗಳ ಹಾಗೆ ಬರೆಯಬಹುದು. ಫಿಲ್ಟರ್‌ಗಳ ಗಣಿತ ಆಗಲೇ ಸಿದ್ಧವಾಗಿತ್ತಲ್ಲ, ಅದನ್ನು ಹಾಗೇ ಡಬ್ಬಕ್ಕೆ ಹೊಂದಿಸಿದ. 1961ರಲ್ಲಿ ಬಂದ ಅವನ ಪ್ರಬಂಧದಲ್ಲಿ 28 ಬಗೆಯ ಹೊಂದಾಣಿಕೆಗಳ ಪಟ್ಟಿ ಇತ್ತು. ಇಂಥ ಸ್ಪೀಕರಿಗೆ ಇಷ್ಟು ದೊಡ್ಡ ಡಬ್ಬ, ಕಿಂಡಿಯ ಶ್ರುತಿ ಇಷ್ಟು, ಸಿಗುವ ಫಲ ಇದು. ಕೊಯ್ದು ನೋಡುವ ಕಾಲ ಕಾಗದದ ಮೇಲೆ ಅಲ್ಲಿಗೆ ಮುಗಿಯಿತು.

ಆದರೆ ಪ್ರಬಂಧ ಅಚ್ಚಾದದ್ದು ಆಸ್ಟ್ರೇಲಿಯಾದ ರೇಡಿಯೋ ಇಂಜಿನಿಯರುಗಳ ಪತ್ರಿಕೆಯಲ್ಲಿ. ಅಮೆರಿಕ, ಯುರೋಪಿನಲ್ಲಿ ಅದನ್ನು ಓದುವವರೇ ಕಡಿಮೆ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಮಾತು ನಮಗೆ ಮಾತ್ರ ಅಲ್ಲ! ಹತ್ತು ವರ್ಷ ಅದು ಹೆಚ್ಚಿನವರ ಕಣ್ಣಿಗೆ ಬೀಳಲೇ ಇಲ್ಲ. 1971ರಲ್ಲಿ ಆಡಿಯೋ ಇಂಜಿನಿಯರಿಂಗ್ ಸೊಸೈಟಿಯ ಪತ್ರಿಕೆ ಅದನ್ನು ಮತ್ತೆ ಅಚ್ಚು ಹಾಕಿದ ಮೇಲೆ ಇಡೀ ಜಗತ್ತು ಎದ್ದು ಕೂತಿತು.

ಅಷ್ಟರಲ್ಲಿ ಮೂರನೆಯವನು ಕೆಲಸ ಶುರು ಮಾಡಿದ್ದ. ರಿಚರ್ಡ್ ಸ್ಮಾಲ್ ಅಮೆರಿಕದವನು, ಕ್ಯಾಲ್‌ಟೆಕ್, ಎಂಐಟಿಗಳಲ್ಲಿ ಓದಿದವನು. ಸಿಡ್ನಿ ವಿಶ್ವವಿದ್ಯಾಲಯಕ್ಕೆ ಹೋಗಿ ಪಿಎಚ್‌ಡಿ ಮಾಡಿದ. ಥೀಲ್ ದಾರಿಯನ್ನೇ ಹಿಡಿದು ಮುಚ್ಚಿದ ಡಬ್ಬ, ಕಿಂಡಿ ಡಬ್ಬ ಎಲ್ಲವನ್ನೂ ಒಂದೇ ಗಣಿತದಡಿ ತಂದು 1972-73ರಲ್ಲಿ ಸಾಲುಸಾಲು ಪ್ರಬಂಧ ಬರೆದ. ಇವತ್ತು ಸಬ್‌ವೂಫರ್ ಜೊತೆ ಬರೋ ಚೀಟಿಯಲ್ಲಿ 'ಎಫ್‌ಎಸ್', 'ಕ್ಯೂಟಿಎಸ್', 'ವಿಎಎಸ್' ಅಂತ ಅಂಕಿಗಳು ಇರುತ್ತವಲ್ಲ, ಅವೇ 'ಥೀಲ್-ಸ್ಮಾಲ್ ಪ್ಯಾರಾಮೀಟರ್'ಗಳು. ಹೆಚ್ಚಿನವರು ಆ ಚೀಟಿಯನ್ನು ಪೆಟ್ಟಿಗೆ ಜೊತೆಗೇ ಬಿಸಾಡ್ತಾರೆ. ಅದು ಹನ್ನೆರಡು ವರ್ಷದ ತಪಸ್ಸು ಸ್ವಾಮಿ!

ಇಷ್ಟು ಹೊತ್ತಿಗೆ ಕಾರುಗಳಲ್ಲಿ ಏನಾಗ್ತಿತ್ತು? ಅಲ್ಲಿನ ತೊಂದರೆ ಡಬ್ಬದ್ದಲ್ಲ, ಬ್ಯಾಟರಿಯದ್ದು. ಇಂಜಿನ್ ಓಡುವಾಗ ಹೆಚ್ಚೆಂದರೆ 14.4 ವೋಲ್ಟ್. ನಾಲ್ಕು ಓಮ್ ಸ್ಪೀಕರಿಗೆ ಆ ಪೂರ್ತಿ ವೋಲ್ಟೇಜನ್ನು ಎರಡೂ ದಿಕ್ಕಿಗೆ ತೂಗಿದರೂ ಸಿಗೋದು ಸುಮಾರು 26 ವ್ಯಾಟ್. ಟ್ರಾನ್ಸಿಸ್ಟರ್‌ಗಳು ತಿನ್ನೋದನ್ನು ಕಳೆದರೆ ಇಪ್ಪತ್ತರ ಆಸುಪಾಸು. ಹಾಗಾದರೆ ಕಾರ್ ಸ್ಟೀರಿಯೋ ಮೇಲೆ '50 ವ್ಯಾಟ್ × 4' ಅಂತ ಬರೆದಿರುತ್ತಲ್ಲ? ನಾದವನ್ನು ಪೂರ್ತಿ ಹಿಂಡಿ ಚೌಕಾಕಾರದ ಅಲೆಯಾಗಿ ಮಾಡಿದರೆ 14.4ರ ವರ್ಗವನ್ನು ನಾಲ್ಕರಿಂದ ಭಾಗಿಸಿ, ಹತ್ತಿರ ಹತ್ತಿರ 52 ಬರುತ್ತೆ. ಆ ಸ್ಥಿತಿಯಲ್ಲಿ ಹಾಡು ಕೇಳೋದಕ್ಕೆ ಆಗಲ್ಲ, ಸ್ಟಿಕರ್ ಅಂಟಿಸೋದಕ್ಕೆ ಆಗುತ್ತೆ ಅಷ್ಟೇ.

ಈ ಗೋಡೆ ದಾಟಲು ಬ್ಯಾಟರಿಯ ವೋಲ್ಟೇಜನ್ನೇ ಏರಿಸೋ ಸರ್ಕ್ಯೂಟ್ ಆಂಪ್ಲಿಫೈಯರ್ ಒಳಗೆ ಇರಬೇಕು. 1970ರ ದಶಕದಲ್ಲಿ ಅರಿಜೋನಾದ ಜಿಮ್ ಫಾಸ್‌ಗೇಟ್‌ನಂಥವರು ಕಾರಿಗೇ ಅಂತ ಶಕ್ತಿಶಾಲಿ ಆಂಪ್ಲಿಫೈಯರ್‌ಗಳನ್ನು ಮಾಡಿದರು. ರಾಕ್‌ಫರ್ಡ್ ಫಾಸ್‌ಗೇಟ್ ಅನ್ನೋ ಹೆಸರು ಅಲ್ಲಿಂದ ಬಂದದ್ದು. 1980ರಿಂದ 1983ರವರೆಗೆ ಜಪಾನಿನ ರೋಲ್ಯಾಂಡ್ ಕಂಪನಿ ಟಿಆರ್-808 ಅನ್ನೋ ಡ್ರಮ್ ಯಂತ್ರ ಮಾಡಿತು. ಅದರ ಬಾಸ್ ಡ್ರಮ್ ಹೊಡೆತ ಉದ್ದಕ್ಕೆ ಎಳೆಯುವ ಆಳವಾದ ನಾದ. ಫ್ಲೋರಿಡಾದ ಹುಡುಗರು ಅದನ್ನೇ ಇಟ್ಟುಕೊಂಡು 'ಮಯಾಮಿ ಬಾಸ್' ಅನ್ನೋ ಸಂಗೀತವನ್ನೇ ಕಟ್ಟಿದರು. ಅದನ್ನು ಕೇಳೋ ಜಾಗ ಮನೆಯಲ್ಲ, ಕಾರು. ಡಿಕ್ಕಿ ತುಂಬಾ ಸಬ್‌ವೂಫರ್ ಇಟ್ಟು ಬೀದಿ ನಡುಗಿಸೋ ಚಾಳಿ ಹೀಗೆ ಬೆಳೆಯಿತು.

ಇಲ್ಲಿ ಭೌತಶಾಸ್ತ್ರ ಒಂದು ಸಣ್ಣ ಉಡುಗೊರೆ ಕೊಟ್ಟಿತು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗೋದು ಇದೇ. 60 ಹರ್ಟ್ಜ್ ನಾದದ ಅಲೆ ಸುಮಾರು 5.7 ಮೀಟರ್ ಉದ್ದ. ಅದರ ಅರ್ಧ ಕಾರಿನ ಒಳಗಿನ ಉದ್ದಕ್ಕೆ ಹತ್ತಿರ. ಅದಕ್ಕಿಂತ ಕೆಳಗೆ ಅಲೆಗೆ ಓಡಾಡಲು ಜಾಗವೇ ಇಲ್ಲ. ಕೋನ್ ಕಾರಿನೊಳಗಿನ ಗಾಳಿಯನ್ನು ಪಂಪಿನ ಹಾಗೆ ಒಟ್ಟಾಗಿ ಒತ್ತುತ್ತೆ. ಹಾಗಾಗಿ ಕಂಪನ ಅರ್ಧಕ್ಕಿಳಿದಂತೆಲ್ಲ ಶಬ್ದಕ್ಕೆ ಹೆಚ್ಚುಕಡಿಮೆ 12 ಡೆಸಿಬೆಲ್ ಏರಿಕೆ ಪುಕ್ಕಟೆ ಸಿಗುತ್ತೆ. ಮುಚ್ಚಿದ ಡಬ್ಬದ ನಾದ ತನ್ನ ಮಿತಿಗಿಂತ ಕೆಳಗೆ ಬೀಳೋದು ಎಷ್ಟು? ಕಂಪನ ಅರ್ಧವಾದಾಗ 12 ಡೆಸಿಬೆಲ್! ಒಂದು ಬೀಳುತ್ತೆ, ಇನ್ನೊಂದು ಎತ್ತುತ್ತೆ. ಬಾಗಿಲ ಸಂದು, ತಗಡಿನ ಅದುರಾಟದಿಂದ ನಿಜವಾದ ಕಾರಿನಲ್ಲಿ ಪೂರ್ತಿ ಲಾಭ ಸಿಗಲ್ಲ. ಆದರೂ ಮನೆಯ ಹಾಲಿನಲ್ಲಿ ಕೂತು ಕೇಳಲಿ ಅಂತ ವಿಲ್‌ಚರ್ ಮಾಡಿದ ಡಬ್ಬ, ಅವನು ಯೋಚಿಸಿಯೂ ಇರದ ಕಾರಿನ ಡಿಕ್ಕಿಯಲ್ಲಿ ಇನ್ನೂ ಚೆನ್ನಾಗಿ ಒಗ್ಗಿಹೋಯಿತು.

ಈಗ ಗೆಳೆಯರ ಪ್ರಶ್ನೆಗೆ ಬರೋಣ. ಒಂದು ಉದಾಹರಣೆ ಲೆಕ್ಕ ಮಾಡ್ತೀನಿ. 10 ಅಥವಾ 12 ಇಂಚಿನ ಒಂದು ಸಬ್‌ವೂಫರ್, ಚೀಟಿಯಲ್ಲಿ ಎಫ್‌ಎಸ್ 28 ಹರ್ಟ್ಜ್, ಕ್ಯೂಟಿಎಸ್ 0.45, ವಿಎಎಸ್ 50 ಲೀಟರ್ ಅಂತ ಇದೆ ಅಂದುಕೊಳ್ಳಿ. ಮುಚ್ಚಿದ ಡಬ್ಬದಲ್ಲಿ ನಾದ ಸಪಾಟಾಗಿ ಬರಬೇಕಾದರೆ ಡಬ್ಬ ಸೇರಿದ ಮೇಲಿನ ಕ್ಯೂ 0.707 ಆಗಬೇಕು. 0.707ನ್ನು 0.45ರಿಂದ ಭಾಗಿಸಿ ವರ್ಗ ಮಾಡಿ, ಒಂದು ಕಳೆಯಿರಿ. ಸುಮಾರು 1.47 ಬರುತ್ತೆ. 50 ಲೀಟರನ್ನು 1.47ರಿಂದ ಭಾಗಿಸಿದರೆ 34 ಲೀಟರ್. ಅದೇ ನಿಮ್ಮ ಡಬ್ಬ. ನಾದದ ಮಿತಿ ಸುಮಾರು 44 ಹರ್ಟ್ಜ್, ಅದಕ್ಕಿಂತ ಕೆಳಗೆ ಕಾರು ಕೈ ಹಿಡಿಯುತ್ತೆ. ಇದಕ್ಕೆ ಕ್ಯಾಲ್ಕುಲೇಟರ್ ಸಾಕು. ವಿನ್‌ಐಎಸ್‌ಡಿ ಅನ್ನೋ ಪುಕ್ಕಟೆ ಪ್ರೋಗ್ರಾಂ ಗ್ರಾಫನ್ನೂ ತೋರಿಸುತ್ತೆ.

ಇದೇ ಸ್ಪೀಕರನ್ನು 20 ಲೀಟರಿನ ರೆಡಿಮೇಡ್ ಡಬ್ಬಕ್ಕೆ ತುರುಕಿದರೆ ಕ್ಯೂ 0.84ಕ್ಕೆ ಏರುತ್ತೆ, ಮಿತಿ 52 ಹರ್ಟ್ಜ್‌ಗೆ ಹೋಗುತ್ತೆ, 'ಡಬ್ ಡಬ್' ಅನ್ನೋದು ಜಾಸ್ತಿಯಾಗಿ ಆಳ ಕಡಿಮೆಯಾಗುತ್ತೆ. ಆಗ ಮಾಲೀಕ ಏನು ಮಾಡ್ತಾನೆ? "ಪವರ್ ಸಾಲ್ತಿಲ್ಲ" ಅಂತ ಇನ್ನೂ ದೊಡ್ಡ ಆಂಪ್ಲಿಫೈಯರ್ ತರ್ತಾನೆ. ಡಬ್ಬದ ಕಾಯಿಲೆಗೆ ವ್ಯಾಟ್ ಔಷಧಿ!

ಕಿಂಡಿ ಡಬ್ಬ ಬೇಕೆನ್ನುವವರಿಗೆ ಎರಡು ಮಾತು. ಶ್ರುತಿಯ ಹತ್ತಿರ ಅದು ಕಡಿಮೆ ವ್ಯಾಟ್‌ಗೆ ಹೆಚ್ಚು ಶಬ್ದ ಕೊಡುತ್ತೆ, ಸುಳ್ಳಲ್ಲ. ಆದರೆ ಡಬ್ಬ ದೊಡ್ಡದಾಗುತ್ತೆ, ಕಿಂಡಿ ಅಗಲ ಸಾಲದಿದ್ದರೆ ಗಾಳಿ ಬುಸುಗುಟ್ಟುತ್ತೆ. ಶ್ರುತಿಗಿಂತ ಕೆಳಗಿನ ನಾದ ಬಂದರೆ ಒಳಗಿನ ಗಾಳಿ ಸ್ಪ್ರಿಂಗ್ ಆಗೋದನ್ನೇ ಬಿಡುತ್ತೆ. ಕೋನ್ ಹಿಡಿತ ತಪ್ಪಿ ಹಾರಾಡಿ ಹರಿದುಹೋಗಬಹುದು. ಅದಕ್ಕೆ ಆಂಪ್ಲಿಫೈಯರ್‌ನಲ್ಲಿ ಸಬ್‌ಸಾನಿಕ್ ಫಿಲ್ಟರ್ ಇರಲೇಬೇಕು.

ಇನ್ನು ಆಂಪ್ಲಿಫೈಯರ್. ಸ್ಪೀಕರಿನ ಆರ್‌ಎಂಎಸ್ ಅಂಕಿ ನೋಡಿ, ಅದರ ಹತ್ತಿರದ ಆರ್‌ಎಂಎಸ್ ಇರುವ ಆಂಪ್ಲಿಫೈಯರ್ ತಗೊಳ್ಳಿ. 'ಮ್ಯಾಕ್ಸ್', 'ಪೀಕ್' ಅಂತ ಬರೆದದ್ದನ್ನು ಓದಲೇಬೇಡಿ. ಅಮೆರಿಕದಲ್ಲಿ ಮನೆಯ ಆಂಪ್ಲಿಫೈಯರ್‌ಗಳ ಸುಳ್ಳು ಅಂಕಿಗಳಿಗೆ 1974ರಲ್ಲೇ ಸರ್ಕಾರ ನಿಯಮ ತಂದಿತು. ಕಾರಿನದ್ದಕ್ಕೆ ಉದ್ಯಮವೇ ಒಪ್ಪಿಕೊಂಡ ಸಿಇಎ-2006 ಅನ್ನೋ ಮಾನದಂಡ ಬಂದದ್ದು 2003ರಲ್ಲಿ: 14.4 ವೋಲ್ಟ್, 4 ಓಮ್, ವಿಕಾರ ಶೇಕಡ 1ರ ಒಳಗೆ. ಪೆಟ್ಟಿಗೆ ಮೇಲೆ ಆ ಹೆಸರಿದ್ದರೆ ಅಂಕಿ ನಂಬಬಹುದು.

ಅನುಮಾನ ಬಂದರೆ ಫ್ಯೂಸ್ ನೋಡಿ. ಕ್ಲಾಸ್ ಡಿ ಆಂಪ್ಲಿಫೈಯರ್ ದಕ್ಷತೆ ಶೇಕಡ 80 ಅಂದುಕೊಂಡರೆ, 300 ವ್ಯಾಟ್‌ಗೆ 375 ವ್ಯಾಟ್ ಎಳೆಯಬೇಕು. 13.8 ವೋಲ್ಟಿನಿಂದ ಭಾಗಿಸಿದರೆ 27 ಆಂಪಿಯರ್. ಹಾಗಾಗಿ 30 ಆಂಪಿಯರ್ ಫ್ಯೂಸ್ ಇಟ್ಟು '2000 ವ್ಯಾಟ್' ಅಂತ ಬರೆದಿದ್ದರೆ ನಗಬಹುದು. ಅಂದಹಾಗೆ ಎರಡು ಹ್ಯಾಲೊಜೆನ್ ಹೆಡ್‌ಲೈಟ್ ಸೇರಿ ಎಳೆಯೋದು ಎಂಟು ಆಂಪಿಯರ್. 27 ಆಂಪಿಯರ್ ಅಂದ್ರೆ ಏನು ಅಂತ ಇದರಿಂದ ಅಂದಾಜು ಮಾಡಿ. ದಪ್ಪ ವೈರು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಗಟ್ಟಿಯಾದ ಅರ್ತ್... ಇದರಲ್ಲಿ ಜುಗ್ಗತನ ಬೇಡ. ಬೆಂಕಿಯ ಜೊತೆ ಆಟ ಅದು.

ಇಷ್ಟೆಲ್ಲ ಮಾಡಿಯೂ ನಮ್ಮ ಉದಾಹರಣೆಯ ಸ್ಪೀಕರ್ ದಕ್ಷತೆ ಶೇಕಡ 0.2ರ ಆಸುಪಾಸು. 300 ವ್ಯಾಟ್ ಕೊಟ್ಟರೆ ಒಂದು ವ್ಯಾಟ್‌ಗಿಂತ ಕಡಿಮೆ ಶಬ್ದ, ಉಳಿದದ್ದೆಲ್ಲ ಕಾಯಿಲ್ ಬಿಸಿ ಮಾಡೋದಕ್ಕೆ. ವ್ಯಾಟ್ ದುಪ್ಪಟ್ಟು ಮಾಡಿದರೆ ಶಬ್ದ ಏರೋದು 3 ಡೆಸಿಬೆಲ್, ಕಿವಿಗೆ 'ಸ್ವಲ್ಪ ಜಾಸ್ತಿ ಆಯ್ತು' ಅನ್ನಿಸುತ್ತೆ. ಆದರೆ ಕಿವಿಯೊಳಗಿನ ಲೆಕ್ಕ ಬೇರೆ. ಕಾರ್ಮಿಕರ ಆರೋಗ್ಯದ ಅಮೆರಿಕದ ಸಂಸ್ಥೆ ನಿಯಾಶ್ ಪ್ರಕಾರ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಡೆಯಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧವಾಗುತ್ತೆ. ಅಂದ್ರೆ ದುಪ್ಪಟ್ಟು ದುಡ್ಡು ಕೊಟ್ಟು ತಂದ ಆಂಪ್ಲಿಫೈಯರ್ ಹಾಡನ್ನು ಒಂದಿಷ್ಟು ಏರಿಸುತ್ತೆ, ಕಿವಿಯ ಕಾಲಾವಕಾಶವನ್ನು ಮಾತ್ರ ಅರ್ಧಕ್ಕಿಳಿಸುತ್ತೆ.

ಈ ಮೂವರು ಆಮೇಲೆ ಏನಾದರು ಅಂತ ಹೇಳಿ ಮುಗಿಸ್ತೀನಿ. ಥೀಲ್ ಆಸ್ಟ್ರೇಲಿಯಾದ ಸರ್ಕಾರಿ ಪ್ರಸಾರ ಸಂಸ್ಥೆ ಸೇರಿ ದಶಕಗಳ ಕಾಲ ಕೆಲಸ ಮಾಡಿ 2012ರಲ್ಲಿ ತೀರಿಕೊಂಡ. ಸ್ಮಾಲ್ 1993ರಲ್ಲಿ ಅಮೆರಿಕಕ್ಕೆ ಮರಳಿ ಹಾರ್ಮನ್ ಕಂಪನಿಯ ಕಾರ್ ಆಡಿಯೋ ವಿಭಾಗಕ್ಕೇ ಸೇರಿದ. ಅವನ ಗಣಿತ ಅವನಿಗಿಂತ ಮೊದಲೇ ಕಾರಿನೊಳಗೆ ಕೂತಿತ್ತು. ವಿಲ್‌ಚರ್ 1967ರಲ್ಲಿ ಕಂಪನಿ ಮಾರಿ, ಸ್ಪೀಕರ್ ಸಹವಾಸ ಬಿಟ್ಟು, ಕಿವಿ ಮಂದವಾದವರಿಗೆ ಮಾತು ಸ್ಪಷ್ಟವಾಗಿ ಕೇಳುವಂತೆ ಶ್ರವಣ ಸಾಧನಗಳ ಸಂಶೋಧನೆಗೆ ಕೂತ. ಎತ್ತರದ ಮತ್ತು ಕೆಳಗಿನ ನಾದಗಳನ್ನು ಬೇರೆ ಬೇರೆಯಾಗಿ ಹಿಗ್ಗಿಸಿ ಕುಗ್ಗಿಸುವ ಅವನ ವಿಧಾನವನ್ನು 1973ರಲ್ಲಿ ಪ್ರಕಟಿಸಿದ. ಪೇಟೆಂಟ್ ಮಾಡಿಸದೆ ಎಲ್ಲರಿಗೂ ಬಿಟ್ಟುಕೊಟ್ಟ. ಆಮೇಲೆ ಬಂದ ಶ್ರವಣ ಸಾಧನಗಳು ಆ ದಾರಿಯಲ್ಲೇ ನಡೆದವು. 2011ರಲ್ಲಿ ತೀರಿಕೊಂಡ.

ಹಾಗಾಗಿ ಸಬ್‌ವೂಫರ್ ಹಾಕಿಸೋ ಗೆಳೆಯರೇ, ಚೀಟಿ ಬಿಸಾಡಬೇಡಿ. ಡಬ್ಬದ ಲೀಟರ್ ಲೆಕ್ಕ ಮಾಡಿ, ಒಬ್ಬ ಒಳ್ಳೆ ಬಡಗಿಗೆ ಆ ಅಳತೆ ಕೊಡಿ, ಉಳಿದ ದುಡ್ಡಿಗೆ ತಕ್ಕ ಆಂಪ್ಲಿಫೈಯರ್ ತನ್ನಿ. ಮತ್ತೆ ವಾಲ್ಯೂಮ್ ತಿರುಗಿಸೋ ಮುಂಚೆ ಪಕ್ಕದ ಸೀಟಿನಲ್ಲಿ ಯಾರು ಕೂತಿದ್ದಾರೆ ಅಂತ ಒಮ್ಮೆ ನೋಡಿ. ಚೀಟಿಯಲ್ಲಿರೋ ಅಂಕಿ ಅರ್ಥವಾಗದಿದ್ದರೆ ನನಗೆ ಬರೆಯಿರಿ, ಕೂತು ಲೆಕ್ಕ ಹಾಕೋಣ.